ಚೀಟಿಯಲ್ಲಿ ಇಲ್ಲದ ಔಷಧಿ

ಬಿಪಿ ಹತೋಟಿಗೆ ಬಾರದೆ ತಿಂಗಳುಗಟ್ಟಲೆ ಒದ್ದಾಡಿದ ಪ್ರಾಧ್ಯಾಪಕರೊಬ್ಬರು ನನ್ನ ರೋಗಿ. ಒಂದು ಮಾತ್ರೆ ಹೋಗಿ ಮೂರಾದವು. ಕಾಲುಗಳಲ್ಲಿ ನಿಶ್ಶಕ್ತಿ, ರಕ್ತದಲ್ಲಿ ಪೊಟ್ಯಾಸಿಯಂ 2.9ಕ್ಕೆ ಇಳಿದಿತ್ತು. "ಬೇರೆ ಔಷಧಿ ಏನಾದರೂ?" ಎಂದು ಪ್ರತಿ ಸಲ ಕೇಳಿದಾಗಲೂ "ಇಲ್ಲ ಡಾಕ್ಟ್ರೇ" ಅನ್ನುತ್ತಿದ್ದರು. ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆ: "ಹೊಟ್ಟೆಗೆ, ನಿದ್ದೆಗೆ ಅಂತ ಕಷಾಯ, ಪುಡಿ, ಲೇಹ್ಯ ತಗೊಳ್ಳೋ ರೂಢಿ ಇದೆಯಾ ಸರ್?" ಚೀಲದಿಂದ ಅತಿಮಧುರದ ಪುಡಿಯ ಡಬ್ಬಿ ಹೊರಬಂತು. ಎದೆಯುರಿಗೆಂದು ದಿನಾ ಎರಡು ಚಮಚ.

ಅತಿಮಧುರದಲ್ಲಿರುವ ಗ್ಲೈಸಿರೈಜಿನ್ ಎಂಬ ಅಂಶ ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ದೇಹದಲ್ಲಿ ಉಪ್ಪು, ನೀರು ಉಳಿದುಕೊಳ್ಳುತ್ತವೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ಬಿಪಿ ಏರುತ್ತದೆ. ಪುಡಿ ನಿಲ್ಲಿಸಿದ ಮೇಲೆ ಮೂರರಲ್ಲಿ ಎರಡು ಮಾತ್ರೆಗಳನ್ನು ನಿಲ್ಲಿಸಿದೆ. ಅವರು ಸುಳ್ಳು ಹೇಳಿರಲಿಲ್ಲ. ಆ ಪುಡಿಯನ್ನು ಔಷಧಿಯೆಂದು ಎಣಿಸಿಯೇ ಇರಲಿಲ್ಲ.

ಸಾಂಪ್ರದಾಯಿಕ ಔಷಧಿಗೆ ಹೋಗುವವರು ಓದದವರು, ಬಡವರು ಎಂಬ ನಂಬಿಕೆ ನಮ್ಮ ವೈದ್ಯರಲ್ಲೇ ಗಟ್ಟಿಯಾಗಿದೆ. ಅಮೆರಿಕದಲ್ಲಿ 1990ರಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ಆ ವರ್ಷ ಒಂದಲ್ಲ ಒಂದು ಪರ್ಯಾಯ ಚಿಕಿತ್ಸೆ ಪಡೆದಿದ್ದರು. ಹೆಚ್ಚು ಓದಿದವರಲ್ಲಿ, ಹೆಚ್ಚು ಆದಾಯದವರಲ್ಲೇ ಬಳಕೆ ಜಾಸ್ತಿ. ಬಳಸಿದವರಲ್ಲಿ ಶೇ 72 ಮಂದಿ ತಮ್ಮ ವೈದ್ಯರಿಗೆ ತಿಳಿಸಿರಲಿಲ್ಲ.

ಕಾರಣಗಳು ಮಾತ್ರ ಬೇರೆ. ಆಸ್ಪತ್ರೆ ದೂರವಿದ್ದವರಿಗೆ ಪಕ್ಕದ ನಾಟಿವೈದ್ಯರೇ ಆಸರೆ. ಅವರು ಕೂತು ಮಾತು ಕೇಳುತ್ತಾರೆ. ಓದಿದವರಿಗೆ ಮಾತ್ರೆಗಳ ಅಡ್ಡಪರಿಣಾಮದ ಭಯ, ವಾಸಿಯಾಗದ ಕಾಯಿಲೆಯ ದಣಿವು. ಬಚ್ಚಿಡುವ ಕಾರಣವೂ ಬೇರೆ: ಒಬ್ಬರಿಗೆ ಬೈಸಿಕೊಳ್ಳುವ ಹೆದರಿಕೆ, ಇನ್ನೊಬ್ಬರಿಗೆ ಗಿಡದಿಂದ ಬಂದದ್ದು ತೊಂದರೆ ಮಾಡದು ಎಂಬ ಧೈರ್ಯ. ಬೈದು ಬಾಯಿ ಮುಚ್ಚಿಸಿದ ತಪ್ಪು ನಮ್ಮದೇ ಎಂದು ನಾನು ಒಪ್ಪುತ್ತೇನೆ.

ಗಿಡಕ್ಕೆ ಶಕ್ತಿಯಿದೆ. ಚೀನಾದ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಅಲ್ಲಿನ ವಿಜ್ಞಾನಿ ತು ಯೂಯೂ ಗಿಡವೊಂದರಿಂದ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಎಂಬ ಔಷಧಿ ಕಂಡುಹಿಡಿದರು. 2015ರಲ್ಲಿ ನೊಬೆಲ್ ಬಂತು. ಅದೇ ಶಕ್ತಿ ಬೇರೆ ಔಷಧಿಗೂ ಅಡ್ಡ ಬರಬಹುದು. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಅಂಗ ಕಸಿಯಾದವರು ನುಂಗುವ ಸೈಕ್ಲೋಸ್ಪೋರಿನ್‌ನ ಮಟ್ಟವನ್ನು ಕುಗ್ಗಿಸಿ ಕಸಿಯಾದ ಅಂಗಕ್ಕೇ ಕುತ್ತು ತರಬಲ್ಲದು.

ಹಾಗಾಗಿ ಮುಂದಿನ ಸಲ ಬರುವಾಗ ಮನೆಯಲ್ಲಿರುವ ಡಬ್ಬಿ, ಸೀಸೆ, ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಆಪರೇಷನ್ ಇದ್ದರಂತೂ ದಿನಾಂಕ ಗೊತ್ತಾದ ಕೂಡಲೇ ತೋರಿಸಿ. ಕೆಲವನ್ನು ವಾರಗಳ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.