ಫ್ಯಾಟಿ ಲಿವರ್‌ಗೆ ರಕ್ತದಲ್ಲಿ ಗುರುತು ಹುಡುಕೋದು: ಮೆಟಬಾಲಿಕ್ ಪ್ರೊಫೈಲಿಂಗ್ ನೋಟ್ಸ್

ಕೋಲಾರ ಎಪಿಎಂಸಿಲಿ ಟೊಮೇಟೊ ಮಂಡಿ ಕೆಲಸ ಮಾಡೋ ನಮ್ ಸೋದರಮಾವಂಗೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂತು, ಆದ್ರೆ ಎಎಲ್‌ಟಿ ನಾರ್ಮಲ್. "ರಕ್ತ ಸರಿಯಾಗೈತೆ ಅಂದ್ಮೇಲೆ ಇನ್ನೇನ್ ಬಿಡಪ್ಪ" ಅಂದ್ರು. ಇಲ್ಲೇ ವಿಷಯ ಇರೋದು. ಎಎಲ್‌ಟಿ ಅನ್ನೋದು ಲಿವರ್ ಜೀವಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರೋ ಎನ್‌ಜೈಮ್, ಒಳಗೆ ಕೊಬ್ಬು ಕೂತಿದ್ರೂ ಅದು ಏರದೇನೇ ಇರಬಹುದು.

ಬಯಾಪ್ಸಿ ಮಾಡಿದ್ರೆ, ಅಂದ್ರೆ ಸೂಜಿ ಹಾಕಿ ಲಿವರ್ ಚೂರು ತೆಗೆದು ನೋಡಿದ್ರೆ, 5% ಗಿಂತ ಹೆಚ್ಚು ಜೀವಕೋಶದಲ್ಲಿ ಕೊಬ್ಬು ಕಂಡ್ರೆ ಫ್ಯಾಟಿ ಲಿವರ್. ಆದ್ರೆ ಸೂಜಿಗೆ ಬರೋದು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು, ಅಂದ್ರೆ ಮಂಡಿಗೆ ಬಂದ ಲಾರಿ ಲೋಡಲ್ಲಿ ಒಂದೇ ಹಣ್ಣು ಕೊಯ್ದು ನೋಡಿ ಪೂರ್ತಿ ಲೋಡಿಗೆ ರೇಟು ಕಟ್ಟಿದ ಹಾಗೆ. ಅದಕ್ಕೇ ರಕ್ತದಲ್ಲಿ ಹುಡುಕೋದು. (ಎಕ್ಸಾಮ್‌ಗೆ: ಕುಡಿತದಿಂದ ಬಾರದ ಫ್ಯಾಟಿ ಲಿವರ್‌ಗಿದ್ದ ಎನ್‌ಎಎಫ್‌ಎಲ್‌ಡಿ ಅನ್ನೋ ಹೆಸರು 2023ರಲ್ಲಿ ಎಂಎಎಸ್‌ಎಲ್‌ಡಿ ಆಯ್ತು.)

ಮಾಸ್ ಸ್ಪೆಕ್ಟ್ರೋಮೆಟ್ರಿ ಅಥವಾ ಎನ್‌ಎಂಆರ್ ಅನ್ನೋ ಅಣು ಅಳೆಯೋ ವಿಧಾನಗಳಲ್ಲಿ ರಕ್ತದ ನೂರಾರು ಸಣ್ಣ ಅಣುಗಳನ್ನ ಒಟ್ಟಿಗೆ ಅಳೀತಾರೆ, ಇದೇ ಮೆಟಬಾಲಿಕ್ ಪ್ರೊಫೈಲಿಂಗ್. ಯಾವುದು ಏರತ್ತೆ ಅಂತ ಬಾಯಿಪಾಠ ಮಾಡಬೇಡಿ, ಯಾಕೆ ಏರತ್ತೆ ಅಂತ ಹಿಡ್ಕೊಳ್ಳಿ. ಲಿವರ್ ಸಕ್ಕರೆಯಿಂದ ತಾನೇ ಕೊಬ್ಬು ತಯಾರು ಮಾಡಿದಾಗ ಮುಖ್ಯವಾಗಿ ಬರೋದು ಪಾಲ್ಮಿಟೇಟ್ ಅನ್ನೋ ಫ್ಯಾಟಿ ಆಸಿಡ್, ಅದು ಸ್ಯಾಚುರೇಟೆಡ್, ಅಂದ್ರೆ ಡಬಲ್ ಬಾಂಡ್ ಇಲ್ಲದ್ದು, ಅದಕ್ಕೇ ಡಬಲ್ ಬಾಂಡ್ ಕಮ್ಮಿ ಇರೋ, ಕಾರ್ಬನ್ ಕಮ್ಮಿ ಇರೋ ಟ್ರೈಗ್ಲಿಸರೈಡ್‌ಗಳು ವಿಎಲ್‌ಡಿಎಲ್ ಅನ್ನೋ ಕೊಬ್ಬು ಹೊರೋ ಕಣ ಹತ್ತಿ ರಕ್ತಕ್ಕೆ ಬರ್ತವೆ. ಒಟ್ಟು ಟ್ರೈಗ್ಲಿಸರೈಡ್ ನಂಬರ್‌ಗಿಂತ ಈ ನಮೂನೆ ಜಾಸ್ತಿ ಹೇಳತ್ತೆ, ನನಗೆ ಇಡೀ ಟಾಪಿಕ್‌ನಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಅಮೈನೊ ಆಸಿಡ್‌ಗಳಲ್ಲಿ ಗ್ಲುಟಮೇಟ್ ಏರತ್ತೆ, ಗ್ಲೈಸಿನ್ ಸೆರಿನ್ ಇಳೀತವೆ. ಗ್ಲೈಸಿನ್ ಬೇಕಾಗೋದು ಜೀವಕೋಶನ ಹಾನಿಯಿಂದ ಕಾಯೋ ಗ್ಲುಟಾಥಯೋನ್ ಕಟ್ಟೋಕೆ, ಲಿವರ್ ಒತ್ತಡದಲ್ಲಿದ್ದಾಗ ಅದರ ಖರ್ಚು ಹೆಚ್ಚು. ಗ್ಲುಟಮೇಟನ್ನ ಸೆರಿನ್ ಮತ್ತು ಗ್ಲೈಸಿನ್ ಮೊತ್ತದಿಂದ ಭಾಗಿಸಿದ್ರೆ ಸಿಗೋದೇ ಜಿಎಸ್‌ಜಿ ಇಂಡೆಕ್ಸ್.

ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನೋ ಅಮೈನೊ ಆಸಿಡ್‌ಗಳೂ ಏರ್ತವೆ, ಆದ್ರೆ ಇಲ್ಲಿ ಹುಷಾರು, ಯಾಕಂದ್ರೆ ಇವು ದಪ್ಪ ಇರೋರಲ್ಲೂ ಶುಗರ್ ಇರೋರಲ್ಲೂ ಏರ್ತವೆ. ಕಾಯಿಲೆ ಇರೋರನ್ನ ಸಣ್ಣಗಿರೋ ಆರೋಗ್ಯವಂತರ ಜೊತೆ ಹೋಲಿಸಿದ್ರೆ ನಾವು ಕಂಡ್ಹಿಡಿದಿದ್ದು ಬೊಜ್ಜಿನ ಗುರುತು, ಲಿವರ್‌ದಲ್ಲ! ಅದೇ ತೂಕ, ಅದೇ ಶುಗರ್ ಇದ್ದು ಲಿವರ್‌ನಲ್ಲಿ ಕೊಬ್ಬಿಲ್ಲದೋರ ಜೊತೆ ಹೋಲಿಸಬೇಕು.

ಸ್ಯಾಂಪಲ್ ವಿಷಯ. ಮುಳಬಾಗಿಲಲ್ಲಿ ಕ್ಯಾಂಪ್ ಮಾಡಿ ರಕ್ತ ತಗೊಂಡು, ಸೀರಮ್ ಬೇರ್ಪಡಿಸದೆ ಬಿಸಿಲಲ್ಲಿ ಬೆಂಗಳೂರಿಗೆ ಕಳ್ಸಿದ್ರೆ ದಾರೀಲೇ ರಕ್ತಕಣಗಳು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಬಿಟ್ಟಿರ್ತವೆ, ಕಣ ಒಡೆದ್ರೆ ಗ್ಲುಟಮೇಟೂ ಏರತ್ತೆ, ಆಗ ಜಿಎಸ್‌ಜಿ ಲೆಕ್ಕ ಹಾಳು. ಬೆಳಿಗ್ಗೆ ಖಾಲಿ ಹೊಟ್ಟೇಲೇ ತಗೋಬೇಕು, ಊಟ ಆದ್ಮೇಲೆ ಬೈಲ್ ಆಸಿಡ್ (ಪಿತ್ತದ ಆಮ್ಲ) ಹೇಗೂ ಏರತ್ತೆ.

ಲೆಕ್ಕದಲ್ಲಿ ಒಂದೇ ಮಾತು: 500 ಅಣು ಅಳೆದು ಪಿ-ವ್ಯಾಲ್ಯೂ ಗಡಿ 0.05 ಇಟ್ಕೊಂಡ್ರೆ ಏನೂ ಇಲ್ಲದಿದ್ರೂ ಸುಮಾರು 25 ತಾನಾಗೇ ಹೊಳೀತವೆ. ಇಂಥ ಸುಳ್ಳು ಹೊಳಪು ಕಮ್ಮಿ ಮಾಡೋ ಎಫ್‌ಡಿಆರ್ ತಿದ್ದುಪಡಿ ಹಾಕಿ, ಆಮೇಲೆ ಬೇರೆ ಊರಿನ ಬೇರೆ ಜನರಲ್ಲಿ ಮತ್ತೆ ನೋಡಿ.

ಈಗ ಕೈಗೆ ಸಿಗೋ ಎಫ್‌ಐಬಿ-4 ಅನ್ನೋ ಸ್ಕೋರ್‌ಗೆ ವಯಸ್ಸು, ಎಎಸ್‌ಟಿ (ಎಎಲ್‌ಟಿ ಥರದ್ದೇ ಇನ್ನೊಂದು ಎನ್‌ಜೈಮ್), ಎಎಲ್‌ಟಿ, ಪ್ಲೇಟ್‌ಲೆಟ್ ಸಾಕು, ಅದು ಕೊಬ್ಬನ್ನಲ್ಲ, ಲಿವರ್ ಗಟ್ಟಿಯಾಗ್ತಿರೋದನ್ನ ಅಂದಾಜು ಮಾಡತ್ತೆ. ಮಾವನ ಪ್ಲೇಟ್‌ಲೆಟ್ ರಿಪೋರ್ಟ್ ಇನ್ನೂ ಬಂದಿಲ್ಲ, ಬಂದ ತಕ್ಷಣ ಲೆಕ್ಕ ಹಾಕಿ 1.3 ದಾಟಿದ್ಯಾ ಅಂತ ಡಾಕ್ಟರ್ ಹತ್ರ ತೋರಿಸ್ಬೇಕು.