ಒಂದು ಲೈನ್ ಟ್ರಿಪ್ ಆದರೆ ಅರ್ಧ ದೇಶ ಯಾಕೆ ಕತ್ತಲಾಗಬೇಕು?

2012ರ ಜುಲೈ 30, ರಾತ್ರಿ 2 ಗಂಟೆ 33 ನಿಮಿಷ. ಪಶ್ಚಿಮದಿಂದ ಉತ್ತರಕ್ಕೆ ಕರೆಂಟ್ ಒಯ್ಯುತ್ತಿದ್ದ 400 ಕೆವಿ ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆಯಿತು, ಅಂದರೆ ತಾನಾಗಿಯೇ ಕಡಿದುಕೊಂಡಿತು. ಸ್ವಲ್ಪ ಹೊತ್ತಲ್ಲೇ ಇಡೀ ಉತ್ತರ ಗ್ರಿಡ್, ಅಂದರೆ ಆ ರಾಜ್ಯಗಳ ವಿದ್ಯುತ್ ಜಾಲ, ಕುಸಿಯಿತು. ಹೇಗೋ ಸರಿಪಡಿಸಿದರು. ಮರುದಿನ ಮಧ್ಯಾಹ್ನ 1 ಗಂಟೆಗೆ ಅದೇ ಲೈನ್ ಮತ್ತೆ ಹೋಯಿತು, ಈ ಸಲ ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳೂ ಜೊತೆಗೆ ಬಿದ್ದವು. ಸುಮಾರು 60 ಕೋಟಿ ಜನ ಇರುವ ರಾಜ್ಯಗಳು! ದೆಹಲಿ ಮೆಟ್ರೊ ನಿಂತಿತು, ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ ಲಿಫ್ಟ್ ನಿಂತು ಕಾರ್ಮಿಕರು ಒಳಗೇ ಸಿಕ್ಕಿಕೊಂಡರು.

ಆ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲೇ ಇಲ್ಲ. ಪಕ್ಕದ ಇನ್ನೊಂದು ಸರ್ಕ್ಯೂಟನ್ನು 765 ಕೆವಿಗೆ ಏರಿಸುವ ಕೆಲಸಕ್ಕೆ ಬಂದ್ ಮಾಡಿದ್ದರು. ಮಳೆ ಕೈಕೊಟ್ಟಿತ್ತು, ಪಂಪ್‌ಸೆಟ್‌ಗಳು ಓಡುತ್ತಿದ್ದವು, ಉತ್ತರದ ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಜಾಸ್ತಿ ಎಳೆದುಕೊಳ್ಳುತ್ತಿದ್ದವು. ಕಡಿಮೆ ಮಾಡಿ ಅಂತ ಗ್ರಿಡ್ ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರ ಹೇಳಿದರೂ ಸರಿಯಾಗಿ ಕೇಳಲಿಲ್ಲ. ಲೈನ್ ಕಾಯುವ ರಿಲೇ (ದೋಷ ಕಂಡರೆ ಲೈನನ್ನು ತಾನಾಗಿಯೇ ಕಡಿಸುವ ಸಾಧನ) ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆದು, ದೋಷ ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಕರೆಂಟ್ ವಿಪರೀತ ಏರಿ ವೋಲ್ಟೇಜ್ ಇಳಿದಾಗ, ಬರೀ ಲೋಡ್ ಕೂಡ ದೂರದ ದೋಷದ ಹಾಗೆಯೇ ಕಾಣುತ್ತದೆ. ರಿಲೇ ಲೈನ್ ಕಡಿದು ಹಾಕಿತು. ಅದರ ಹೊರೆಯೆಲ್ಲ ಪೂರ್ವದ ಸುತ್ತು ದಾರಿಗೆ ನುಗ್ಗಿತು, ಆ ಲೈನ್‌ಗಳೂ ಒಂದರ ಹಿಂದೊಂದು ಟ್ರಿಪ್ ಆದವು.

ಅಲ್ಲಿಗೂ ಗ್ರಿಡ್ ಉಳಿಸಬಹುದಿತ್ತು ಅನ್ನೋದೇ ನನಗೆ ಹೆಚ್ಚು ಸಂಕಟ ತರುವ ವಿಷಯ. ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಅನ್ನೋದೇ ಫ್ರೀಕ್ವೆನ್ಸಿ; ಬೇಡಿಕೆಗೆ ಉತ್ಪಾದನೆ ಸಾಲದಾದರೆ ಅದು ಇಳಿಯುತ್ತದೆ. ಅದು 50 ಹರ್ಟ್ಸ್‌ನಿಂದ ತೀರಾ ಇಳಿದರೆ, ಊರುಗಳಿಗೆ ಕರೆಂಟ್ ಒಯ್ಯುವ ಕೆಲವು ಫೀಡರ್‌ಗಳನ್ನು ತಾವಾಗಿಯೇ ಕತ್ತರಿಸುವ ರಿಲೇಗಳು ಇರುತ್ತವೆ. ಉತ್ತರದಲ್ಲಿ ಇವುಗಳಿಂದ ಸುಮಾರು 10,000 ಮೆಗಾವ್ಯಾಟ್ ಲೋಡ್ ಇಳಿಯಬೇಕಿತ್ತು, ಕಾಗದದಲ್ಲಿ. ನಿಜವಾಗಿ ಬೇಕಾದಷ್ಟು ಇಳಿಯಲಿಲ್ಲ ಅಂತ ತನಿಖಾ ಸಮಿತಿಯೇ ಹೇಳಿತು. ಒಂದಿಷ್ಟು ಊರುಗಳಿಗೆ ಸ್ವಲ್ಪ ಹೊತ್ತು ಕರೆಂಟ್ ಹೋಗಿದ್ದರೆ ಉಳಿದವರಿಗೆಲ್ಲ ಉಳಿಯುತ್ತಿತ್ತು, ಅಲ್ವಾ?

ಆಮೇಲೆ ನಿಯಮ ಬಿಗಿಯಾಯಿತು. 2014ರಿಂದ ಫ್ರೀಕ್ವೆನ್ಸಿ 49.90ರಿಂದ 50.05 ಹರ್ಟ್ಸ್ ಒಳಗೆ ಇರಬೇಕು.

ಆಗ ನಾವು ದಕ್ಷಿಣದವರು ಬಚಾವಾದೆವು, ಯಾಕಂದ್ರೆ ನಮ್ಮ ಗ್ರಿಡ್‌ಗೆ ಉಳಿದ ದೇಶದ ಜೊತೆ ತಾಲ್ಚೇರ್–ಕೋಲಾರದಂಥ ಡಿಸಿ (ನೇರ ವಿದ್ಯುತ್) ಕೊಂಡಿಗಳು ಮಾತ್ರ ಇದ್ದವು; ಅವು ಒಂದು ಕಡೆಯ ಫ್ರೀಕ್ವೆನ್ಸಿ ಏರಿಳಿತವನ್ನು ಇನ್ನೊಂದು ಕಡೆಗೆ ದಾಟಿಸುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಎಸಿ ಲೈನ್ ಮೂಲಕ ನಾವೂ ಸೇರಿಕೊಂಡೆವು. ಈಗ ಪಂಜಾಬಿನಲ್ಲಿ ದೊಡ್ಡ ವಿದ್ಯುತ್ ಘಟಕವೊಂದು ನಿಂತರೂ ಬೆಂಗಳೂರಿನ ಫ್ರೀಕ್ವೆನ್ಸಿ ಕುಗ್ಗುತ್ತದೆ. ಹಾಗಾಗಿ ನಮ್ಮ ಸಬ್‌ಸ್ಟೇಷನ್‌ಗಳ ರಿಲೇಗಳನ್ನು ಯಾವಾಗ ಪರೀಕ್ಷಿಸಿದರು, ಎಷ್ಟು ಕೆಲಸ ಮಾಡಿದವು ಅನ್ನೋದು ಜನರಿಗೂ ಗೊತ್ತಾಗಬೇಕು.