ಪದ ಪರಿಚಯ: ಅಮೈನೋ ಆಮ್ಲ ಸಂವೇದನೆ

ಪ್ರೋಟೀನ್ ಕಟ್ಟುವುದು ಜೀವಕೋಶಕ್ಕೆ ದುಬಾರಿ ಕೆಲಸ. ಸರಪಳಿಗೆ ಒಂದು ಅಮೈನೋ ಆಮ್ಲ ಸೇರಬೇಕಾದರೆ ಕನಿಷ್ಠ ನಾಲ್ಕು ಅಧಿಕಶಕ್ತಿಯ ಫಾಸ್ಫೇಟ್ ಬಂಧಗಳು ಖರ್ಚಾಗುತ್ತವೆ. 20 ಬಗೆಗಳಲ್ಲಿ ಒಂದು ಖಾಲಿಯಾದರೂ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ನಡುದಾರಿಯಲ್ಲಿ ನಿಲ್ಲುತ್ತದೆ, ಮಿಕ್ಕ 19 ಇದ್ದೂ ಇಲ್ಲದಂತೆ. ಅದಕ್ಕೇ ಕೋಶ ಸದಾ ದಾಸ್ತಾನು ನೋಡಿಕೊಳ್ಳುತ್ತಿರುತ್ತದೆ. ಈ ಏರ್ಪಾಡೇ ಅಮೈನೋ ಆಮ್ಲ ಸಂವೇದನೆ.

ಸಂವೇದನೆ ಎಂದರೆ ಇಲ್ಲಿ ನಾಲಿಗೆಯ ರುಚಿಯಲ್ಲ. ಒಂದು ಪ್ರೋಟೀನ್‌ನ ಗುಳಿಯಲ್ಲಿ ಅಮೈನೋ ಆಮ್ಲ ಕೂತು, ಅದರ ಆಕಾರವೋ ನಂಟೋ ಬದಲಾಗುವುದು. ಯಾವುದನ್ನು ಬೇಕಾದರೂ ಸಂವೇದಕ ಎನ್ನುವಂತಿಲ್ಲ. ಅದು ಅಮೈನೋ ಆಮ್ಲವನ್ನು ನೇರವಾಗಿ ಹಿಡಿಯಬೇಕು. ಕೋಶದೊಳಗೆ ನಿಜವಾಗಿ ಏರಿಳಿಯುವ ಪ್ರಮಾಣದಲ್ಲೇ ಹಿಡಿಯಬೇಕು. ಗುಳಿ ಕೆಡಿಸಿದಾಗ ಕೋಶದ ಪ್ರತಿಕ್ರಿಯೆಯೂ ಕೆಡಬೇಕು.

ಕೋಶ ಕೇಳಿಕೊಳ್ಳುವ ಪ್ರಶ್ನೆ ಎರಡು, ಅವಕ್ಕೆ ಯಂತ್ರಗಳೂ ಬೇರೆ ಬೇರೆ. 'ಕೊರತೆ ಇದೆಯೇ?' ಎಂಬುದು ಜಿಸಿಎನ್2 ಕಿಣ್ವದ ಪಾಲು. ಅದು ಅಮೈನೋ ಆಮ್ಲವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಮೇಲಿನ ಕಟ್ಟುನಿಟ್ಟಿನ ಅರ್ಥದಲ್ಲಿ ಸಂವೇದಕವಲ್ಲ. ಅಮೈನೋ ಆಮ್ಲವನ್ನು ರೈಬೋಸೋಮಿಗೆ ಹೊತ್ತು ತರಬೇಕಾಗಿದ್ದೂ ಹೊರೆಯಿಲ್ಲದೆ ಅಲೆಯುವ ಟಿ-ಆರ್‌ಎನ್‌ಎಯನ್ನು, ನಿಂತುಹೋದ ರೈಬೋಸೋಮನ್ನು ಗುರುತಿಸುತ್ತದೆ. ಆಮೇಲೆ ಪ್ರೋಟೀನ್ ತಯಾರಿಯನ್ನು ಆರಂಭಿಸುವ ಇಐಎಫ್2-ಆಲ್ಫಾ ಪ್ರೋಟೀನ್‌ನ 51ನೇ ಸೆರಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಪ್ರೋಟೀನ್ ತಯಾರಿ ಒಟ್ಟಾರೆ ತಗ್ಗುತ್ತದೆ, ಆದರೆ ಯೀಸ್ಟ್‌ನಲ್ಲಿ ಜಿಸಿಎನ್4 ಎಂಬ ಪ್ರೋಟೀನಿನ ತಯಾರಿ ಮಾತ್ರ ಹೆಚ್ಚುತ್ತದೆ. ಅದರ ಸಂದೇಶವಾಹಕ ಆರ್‌ಎನ್‌ಎಯಲ್ಲಿ ಮುಖ್ಯ ಪಾಠಕ್ಕೆ ಮೊದಲು ನಾಲ್ಕು ಪುಟ್ಟ ಪಾಠಗಳಿವೆ (ಪಾಠವೆಂದರೆ ರೈಬೋಸೋಮ್ ಓದಿ ಪ್ರೋಟೀನಾಗಿಸುವ ತುಣುಕು). ಸುಭಿಕ್ಷದಲ್ಲಿ ಮೊದಲನೆಯದನ್ನು ಓದಿದ ರೈಬೋಸೋಮ್ ಬೇಗನೆ ಮತ್ತೆ ಸಜ್ಜಾಗಿ, ಉಳಿದ ಪುಟ್ಟ ಪಾಠವೊಂದನ್ನು ಓದಿ ಅಲ್ಲೇ ಕಳಚಿಕೊಳ್ಳುತ್ತದೆ. ಬರದಲ್ಲಿ ಸಜ್ಜಾಗುವುದು ತಡವಾಗಿ, ಅವನ್ನು ದಾಟಿ ಮುಖ್ಯ ಪಾಠದ ಬಾಗಿಲಿಗೇ ಬಂದಿರುತ್ತದೆ. ಜಿಸಿಎನ್4 ಅಮೈನೋ ಆಮ್ಲ ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ನಮ್ಮ ಕೋಶಗಳಲ್ಲಿ ಇದೇ ಕೆಲಸ ಎಟಿಎಫ್4ರದು. ನಿಧಾನವನ್ನೇ ಸಂಕೇತ ಮಾಡಿಕೊಂಡ ಈ ಜಾಣತನಕ್ಕೆ ಸಾಟಿ ಕಡಿಮೆ.

'ಬೆಳೆಯುವಷ್ಟು ಇದೆಯೇ?' ಎಂಬ ಇನ್ನೊಂದು ಪ್ರಶ್ನೆ ಎಂಟಾರ್‌ಸಿ1 ಸಂಕೀರ್ಣದ್ದು, ಅಂದರೆ ಕೋಶದ ಬೆಳವಣಿಗೆಗೆ ಚಾಲನೆ ಕೊಡುವ ಪ್ರೋಟೀನುಗಳ ಗುಂಪಿನದ್ದು. 'ಟಾರ್' ಎಂದರೆ ರಾಪಾಮೈಸಿನ್‌ನ ಗುರಿ. ಆ ಔಷಧ ಸಿಕ್ಕಿದ್ದು ಈಸ್ಟರ್ ದ್ವೀಪದ, ಅಂದರೆ ರಾಪಾ ನುಯಿಯ, ಮಣ್ಣಿನ ಬ್ಯಾಕ್ಟೀರಿಯಾದಿಂದ. ಇಲ್ಲಿನ ತರ್ಕ ಮೊದಲ ಓದಿಗೆ ತಲೆ ತಿರುಗಿಸುತ್ತದೆ, ಏಕೆಂದರೆ ಬ್ರೇಕ್‌ಗೆ ಬ್ರೇಕ್, ಅದಕ್ಕೂ ಒಂದು ಬ್ರೇಕ್. ಲ್ಯೂಸಿನ್ ಇಲ್ಲದಾಗ ಸೆಸ್ಟ್ರಿನ್2 ಎಂಬ ಪ್ರೋಟೀನ್ ಹೋಗಿ ಗೇಟರ್2 ಎಂಬ ಸಂಕೀರ್ಣವನ್ನು ಹಿಡಿದುಕೊಳ್ಳುತ್ತದೆ. ಗೇಟರ್2ರ ಅಂಕೆ ತಪ್ಪಿದ ಗೇಟರ್1, ಎಂಟಾರ್‌ಸಿ1ನ್ನು ಕರೆತರುವ ರ್‍ಯಾಗ್ ಪ್ರೋಟೀನ್‌ಗಳನ್ನು ನಂದಿಸುತ್ತದೆ. ಲ್ಯೂಸಿನ್ ಬಂದು ಸೆಸ್ಟ್ರಿನ್2ರ ಗುಳಿಯಲ್ಲಿ ಕೂತರೆ (ಸುಮಾರು 20 ಮೈಕ್ರೊಮೋಲಾರ್ ಸಾಕು) ಹಿಡಿತ ಸಡಿಲುತ್ತದೆ, ಗೇಟರ್2 ಮತ್ತೆ ಗೇಟರ್1ನ್ನು ತಡೆಯುತ್ತದೆ, ರ್‍ಯಾಗ್ ಉರಿಯುತ್ತದೆ. ಅರ್ಜಿನೈನ್‌ಗೆ ಕ್ಯಾಸ್ಟರ್1 ಇದೇ ವರಸೆ. ಮೆಥಿಯೊನಿನ್‌ದು ಬಳಸುದಾರಿ: ಸ್ಯಾಮ್‌ಟಾರ್ ಹಿಡಿಯುವುದು ಮೆಥಿಯೊನಿನ್‌ನಿಂದ ಆಗುವ ಎಸ್-ಅಡಿನೊಸಿಲ್ ಮೆಥಿಯೊನಿನನ್ನು. ಈ ಮೂರೂ ಗೊತ್ತಾಗಿದ್ದು 2016-17ರಲ್ಲಿ.

ಉರಿಯುವ ರ್‍ಯಾಗ್, ಎಂಟಾರ್‌ಸಿ1ನ್ನು ಲೈಸೊಸೋಮ್‌ನ (ಕೋಶದೊಳಗೆ ಹಳೆಯದನ್ನು ಅರಗಿಸುವ ಚೀಲ) ಮೈಮೇಲೆ ತಂದು ನಿಲ್ಲಿಸುತ್ತದೆ. ಅಷ್ಟಕ್ಕೇ ಕೆಲಸ ಶುರುವಾಗದು. ಅಲ್ಲಿರುವ ರೆಬ್ ಎಂಬ ಪ್ರೋಟೀನ್ ಅದನ್ನು ಚಾಲೂ ಮಾಡಬೇಕು, ರೆಬ್‌ಗೆ ಇನ್ಸುಲಿನ್‌ನಂಥ ಹಾರ್ಮೋನಿನ ಸೂಚನೆ ಬೇಕು. ದಾಸ್ತಾನು, ಅಪ್ಪಣೆ ಎರಡೂ ಒಂದೇ ಜಾಗದಲ್ಲಿ ಕೂಡಬೇಕು. ಗೇಟರ್1ರ ಭಾಗವಾದ ಡೆಪ್‌ಡಿಸಿ5ರ ಜೀನ್ ಕೆಟ್ಟರೆ ಬ್ರೇಕ್ ಸಡಿಲಾಗುತ್ತದೆ. ಕೆಲವು ಕುಟುಂಬಗಳಲ್ಲಿ ಕಾಣುವ ಫೋಕಲ್ (ಮಿದುಳಿನ ಒಂದು ಭಾಗದಲ್ಲಿ ಶುರುವಾಗುವ) ಅಪಸ್ಮಾರಕ್ಕೆ ಇದು ಕಾರಣ.

ಪ್ರಯೋಗಾಲಯದ ರೂಢಿಯ ಪರೀಕ್ಷೆ: ಕೋಶಗಳನ್ನು 50 ನಿಮಿಷ ಅಮೈನೋ ಆಮ್ಲವಿಲ್ಲದ ಮಾಧ್ಯಮದಲ್ಲಿಟ್ಟು, 10 ನಿಮಿಷ ಮತ್ತೆ ಉಣಿಸಿ, ಎಂಟಾರ್‌ಸಿ1 ಫಾಸ್ಫೇಟ್ ಅಂಟಿಸುವ ಎಸ್6ಕೆ1 ಎಂಬ ಪ್ರೋಟೀನಿನ 389ನೇ ಥ್ರಿಯೊನಿನ್‌ಗೆ ಫಾಸ್ಫೇಟ್ ಸೇರಿತೇ ಎಂದು, ಪ್ರೋಟೀನ್ ಗುರುತಿಸುವ ವಿಧಾನವಾದ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುವುದು. ಎಡವುವ ಕಡೆಗಳೂ ಇವೆ. ಸೀರಮ್‌ನಲ್ಲೇ ಅಮೈನೋ ಆಮ್ಲಗಳಿರುವುದರಿಂದ ಡಯಾಲಿಸಿಸ್ ಮಾಡಿ ಅವನ್ನು ಸೋಸಿ ತೆಗೆದದ್ದನ್ನೇ ಬಳಸಬೇಕು. ಸೀರಮನ್ನು ಪೂರ್ತಿ ಬಿಟ್ಟರೆ ಹಾರ್ಮೋನಿನ ಸೂಚನೆಯೂ ಹೋಗಿ, ಫಲಿತಾಂಶ ಅಮೈನೋ ಆಮ್ಲದ ದಾರಿಯದೋ ಹಾರ್ಮೋನಿನ ದಾರಿಯದೋ ಹೇಳಲಾಗದು. ಸೈಕ್ಲೊಹೆಕ್ಸಿಮೈಡ್ ಎಂಬ ಔಷಧ ಹಾಕಿದರೆ ಇನ್ನೊಂದು ಮೋಸ: ಪ್ರೋಟೀನ್ ತಯಾರಿ ನಿಂತರೂ ಹಳೆಯ ಪ್ರೋಟೀನ್ ಒಡೆಯುವುದು ನಿಲ್ಲದೆ ಅಮೈನೋ ಆಮ್ಲಗಳು ಒಳಗೇ ಗುಡ್ಡೆಬೀಳುತ್ತವೆ. ಹೊರಗೆ ಏನೂ ಉಣಿಸದಿದ್ದರೂ ಎಂಟಾರ್‌ಸಿ1 ಚುರುಕಾಗಿ, ಔಷಧವೇ ಅದನ್ನು ಎಬ್ಬಿಸಿತು ಎಂದು ಬ್ಲಾಟ್ ನೋಡಿದವರು ಬರೆದುಕೊಳ್ಳುತ್ತಾರೆ.